ಬಾಯ್ಲರ್ ಪ್ಲೇಟು ಎಷ್ಟು ಉಳಿದಿದೆ? ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆಯುವ ಬಗೆ

ದಾವಣಗೆರೆ, ಹರಿಹರ ಸುತ್ತಿನ ಅಕ್ಕಿ ಗಿರಣಿಗಳಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಉರಿಸುತ್ತಾರೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹೊಗೆಯ ಜೊತೆ ಹಾರುವ ಆ ಬೂದಿ ಟ್ಯೂಬು, ಡಕ್ಟು, ಬೆಂಡುಗಳನ್ನು ಉಸುಕಿನ ಕಾಗದದ ಹಾಗೆ ಉಜ್ಜುತ್ತಲೇ ಇರುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇದ್ದರೂ ಒಳಗೆ 6 ಮಿ.ಮೀ. ಪ್ಲೇಟು 3ಕ್ಕೆ ಇಳಿದಿರಬಹುದು. ತೂತು ಕೊರೆಯದೆ, ತೊಟ್ಟಿ ಖಾಲಿ ಮಾಡದೆ, ಒಂದೇ ಬದಿಯಿಂದ ಇದನ್ನು ತಿಳಿಯಲು ಕೈಯಲ್ಲಿ ಹಿಡಿಯುವ ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದ) ಗೇಜು ಸಾಕು.

ಗೇಜು ನಿಜವಾಗಿ ಅಳೆಯುವುದು ಸಮಯವನ್ನು. ಪ್ಲೇಟಿಗೆ ಒತ್ತಿ ಹಿಡಿಯುವ ಅದರ ಪ್ರೋಬಿನಿಂದ ಹೊರಟ ಶಬ್ದ ಹಿಂಬದಿಗೆ ತಾಗಿ ಮರಳುವ ಹೊತ್ತನ್ನು ವೇಗದಿಂದ ಗುಣಿಸಿ, ಅರ್ಧ ಮಾಡಿ ತೋರಿಸುತ್ತದೆ. 8 ಮಿ.ಮೀ. ಉಕ್ಕಿನಲ್ಲಿ ಈ ಹೋಗಿಬರುವ ಹೊತ್ತು 2.7 ಮೈಕ್ರೋಸೆಕೆಂಡ್ ಮಾತ್ರ. ಹಾಗಾಗಿ ವೇಗ ತಪ್ಪಿದ್ದರೆ ದಪ್ಪವೂ ತಪ್ಪೇ. ಎಂಎಸ್ (ಸಾದಾ ಉಕ್ಕು) ಪ್ಲೇಟಿಗೆ ಸೆಕೆಂಡಿಗೆ ಸುಮಾರು 5920 ಮೀಟರ್, 304 ಜಾತಿಯ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಎಸ್‌ಎಸ್‌ಗೆ ಸುಮಾರು 5660, ಅಲ್ಯೂಮಿನಿಯಂಗೆ ಸುಮಾರು 6320. ಎಂಎಸ್ ಸೆಟ್ಟಿಂಗಿನಲ್ಲೇ 6 ಮಿ.ಮೀ. ಎಸ್‌ಎಸ್ ತೊಟ್ಟಿಗೆ ಪ್ರೋಬ್ ಇಟ್ಟರೆ 6.28 ತೋರಿಸುತ್ತದೆ, ಸವೆತವೇ ಇಲ್ಲ ಅನ್ನಿಸಿಬಿಡುತ್ತದೆ. ಎರಕದ ಕಬ್ಬಿಣಕ್ಕೆ ಪುಸ್ತಕದ ಅಂಕಿ ನಂಬಬೇಡಿ, ಎರಕದಿಂದ ಎರಕಕ್ಕೆ ವೇಗ ಬಹಳ ಬದಲಾಗುತ್ತದೆ.

ಮೊದಲು ಗೇಜಿನ ಮೈಮೇಲಿರುವ 4 ಮಿ.ಮೀ. ಬಿಲ್ಲೆಗೆ ಒಂದು ಹನಿ ಜೆಲ್ (ಪ್ರೋಬಿಗೂ ಲೋಹಕ್ಕೂ ನಡುವೆ ಗಾಳಿ ಉಳಿಯದ ಹಾಗೆ ಹಚ್ಚುವುದು) ಹಾಕಿ, ಪ್ರೋಬ್ ಇಟ್ಟು ಜೀರೋ ಮಾಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ಜಾತಿಯ ಪ್ಲೇಟಿನ ತುಂಡೊಂದನ್ನು ಮೈಕ್ರೋಮೀಟರಿನಲ್ಲಿ ಅಳೆದಿಟ್ಟುಕೊಂಡು, ಗೇಜು ಅದೇ ಅಂಕಿ ತೋರುವವರೆಗೆ ವೇಗ ಹೊಂದಿಸಿ. ನಿಮ್ಮ ಕೆಲಸ 3ರಿಂದ 10 ಮಿ.ಮೀ. ಒಳಗಿದ್ದರೆ ಒಂದು ತೆಳು, ಒಂದು ದಪ್ಪ, ಎರಡು ತುಂಡು ಬೇಕು.

ಇನ್ನು ಮೈ ಸಿದ್ಧಮಾಡುವುದು. ಹೆಚ್ಚಿನ ತಪ್ಪು ಅಳತೆಗಳು ಹುಟ್ಟುವುದು ಇಲ್ಲೇ. ಪ್ರೋಬಿನ ಎರಡರಷ್ಟು ಅಗಲದ ಜಾಗದಲ್ಲಿ ಏಳುವ ತುಕ್ಕು, ಬಣ್ಣ ಎರಡನ್ನೂ ವೈರ್ ಬ್ರಷ್, ಎಮೆರಿಯಿಂದ ತೆಗೆಯಿರಿ. ಗ್ರೈಂಡರ್ ಹಿಡಿದು ಪ್ಲೇಟನ್ನೇ ತಿನ್ನಬೇಡಿ. ಬಣ್ಣದಲ್ಲಿ ಶಬ್ದದ ವೇಗ ಉಕ್ಕಿನ ಅರ್ಧಕ್ಕಿಂತಲೂ ಕಡಿಮೆ. ಅರ್ಧ ಮಿ.ಮೀ. ಬಣ್ಣ ಬಿಟ್ಟರೆ ಅಳತೆಗೆ ಒಂದು ಮಿ.ಮೀ.ಗಿಂತ ಹೆಚ್ಚು ಸುಳ್ಳು ದಪ್ಪ ಸೇರುತ್ತದೆ. ಎಕೋ-ಎಕೋ ಮೋಡ್ (ಎರಡು ಮಾರ್ದನಿಗಳ ನಡುವಿನ ಹೊತ್ತನ್ನಷ್ಟೇ ಅಳೆದು ಬಣ್ಣವನ್ನು ಲೆಕ್ಕದಿಂದ ಬಿಡುವ ಬಗೆ) ಇರುವ ಗೇಜಾದರೆ ಗಟ್ಟಿಯಾಗಿ ಅಂಟಿದ ಬಣ್ಣದ ಮೇಲೆಯೇ ಅಳೆಯಬಹುದು.

ಜೆಲ್ ಇಲ್ಲದಿದ್ದರೆ ಮೆಡಿಕಲ್ ಶಾಪಿನ ಗ್ಲಿಸರಿನ್ ನಡೆಯುತ್ತದೆ. ನೆಟ್ಟಗಿನ ಗೋಡೆಗೆ, ಒರಟು ಮೈಗೆ ಗ್ರೀಸ್ ಒಳ್ಳೆಯದು, ಜಾರುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ತೆಳು ಜೆಲ್ ಬೇಗ ಒಣಗುತ್ತದೆ, ಬೆಳಿಗ್ಗೆಯೇ ಕೆಲಸ ಮುಗಿಸಿ. ಸಾದಾ ಪ್ರೋಬ್ 50-60 ಡಿಗ್ರಿಯವರೆಗೆ ಮಾತ್ರ. ಬಿಸಿ ಪ್ಲೇಟಿಗೆ ಒತ್ತಿದರೆ ಒಳಗಿನ ಅಂಟು ಬಿಡುತ್ತದೆ. ಪ್ರತಿ 55 ಡಿಗ್ರಿ ಏರಿಕೆಗೆ ಅಳತೆಯೂ ಶೇ. 1ರಷ್ಟು ಹೆಚ್ಚು ತೋರುತ್ತದೆ. ಬಾಯ್ಲರ್ ಆರಿಸಿ, ತಣಿಸಿ, ವಾಲ್ವ್‌ಗಳಿಗೆ ಬೀಗ ಹಾಕಿ, ಹೊರಗೊಬ್ಬರನ್ನು ನಿಲ್ಲಿಸಿಯೇ ಒಳಗೆ ಇಳಿಯಿರಿ.

ಪ್ರೋಬಿನ ಮುಖ ನೋಡಿ: ನಡುವೆ ಒಂದು ಗೆರೆ, ಎರಡು ಅರ್ಧಚಂದ್ರ. ಒಂದು ಶಬ್ದ ಕಳಿಸುತ್ತದೆ, ಇನ್ನೊಂದು ಕೇಳುತ್ತದೆ. ಟ್ಯೂಬಿನ ಮೇಲೆ ಆ ಗೆರೆ ಟ್ಯೂಬಿನ ಉದ್ದಕ್ಕೆ ಅಡ್ಡವಾಗಿರಬೇಕು. ಒತ್ತಿ ಹಿಡಿದು ಮೆಲ್ಲಗೆ ಅತ್ತಿತ್ತ ವಾಲಿಸಿ, ನಿಂತ ಅಂಕಿಗಳಲ್ಲಿ ಅತಿ ಚಿಕ್ಕದನ್ನು ಬರೆದುಕೊಳ್ಳಿ.

ಬೂದಿ ಹೋಗುವ ಪೈಪಿನ ಬೆಂಡು ತೆಗೆದುಕೊಳ್ಳಿ. ಮೊದಲು ಅದು 4 ಮಿ.ಮೀ. ಇತ್ತು ಅನ್ನಿ. ಒಳಬಾಗಿನಲ್ಲಿ 3.9, ಪಕ್ಕದಲ್ಲಿ 3.7 ಬಂದರೆ ನೆಮ್ಮದಿ ಬೇಡ. ಬೂದಿ ನೇರ ಹೊಡೆಯುವ ಹೊರಬಾಗಿನಲ್ಲಿ 25 ಮಿ.ಮೀ.ಗೊಂದು ಚುಕ್ಕೆ ಇಟ್ಟು ಅಳೆಯುತ್ತ ಹೋಗಿ: 3.4, 2.6, 1.9, ಆಮೇಲೆ ಇದ್ದಕ್ಕಿದ್ದ ಹಾಗೆ 2.4! ದಪ್ಪ ಹೆಚ್ಚಾಯಿತೆಂದು ಖುಷಿಪಡಬೇಡಿ. ಪ್ರೋಬಿನ ಕನಿಷ್ಠ ಮಿತಿಗಿಂತ, ಹಲವು ಗೇಜುಗಳಲ್ಲಿ ಅದು 1.2 ಮಿ.ಮೀ. ಆಸುಪಾಸು, ಪ್ಲೇಟು ತೆಳುವಾದಾಗ ಗೇಜು ಮೊದಲ ಮಾರ್ದನಿ ಬಿಟ್ಟು ಎರಡನೆಯದನ್ನು ಹಿಡಿಯುತ್ತದೆ. ಅಲ್ಲಿ ಉಳಿದಿರುವುದು 1.2 ಇರಬಹುದು. ಇದು ಅತಿ ಅಪಾಯದ ತಪ್ಪು. ತೆಳು ತಗಡಿನ ಪ್ರೋಬ್ ಹಾಕಿ ಮತ್ತೆ ನೋಡಿ, ಅದಿಲ್ಲದಿದ್ದರೆ ಬೆಂಡನ್ನೇ ಬದಲಿಸಿ.

ತಿರುಗಾಮುರುಗಾ ಆಗುವುದೂ ಉಂಟು. 10 ಮಿ.ಮೀ. ಪ್ಲೇಟಿನ ಅಗಲ ಜಾಗದಲ್ಲಿ ಒಂದೇ ಸಮ 5ರ ಆಸುಪಾಸು ಬಂದರೆ, ಅದು ಸವೆತ ಇರಲಿಕ್ಕಿಲ್ಲ. ರೋಲಿಂಗ್‌ನಲ್ಲೇ ಪ್ಲೇಟು ಒಳಗೆ ಪದರ ಬಿಟ್ಟಿರಬಹುದು. ಸ್ಕ್ರೀನಿನಲ್ಲಿ ಅಲೆ ತೋರಿಸುವ ಯಂತ್ರದವರನ್ನು ಕರೆಸಿ ನೋಡಿಸಿ.

ಚುಕ್ಕೆಗಳಿಗೆ ಅಳಿಯದ ಗುರುತು ಹಾಕಿ, ನಂಬರ್ ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಅದೇ ಚುಕ್ಕೆಯಲ್ಲಿ ಎರಡು ವರ್ಷದಲ್ಲಿ 6.0 ಹೋಗಿ 5.4 ಆದರೆ ವರ್ಷಕ್ಕೆ 0.3 ಸವೆತ. ಎಷ್ಟಕ್ಕೆ ಇಳಿದರೆ ಬದಲಿಸಬೇಕೆಂಬುದನ್ನು ಬಾಯ್ಲರಿನ ಡ್ರಾಯಿಂಗ್ ನೋಡಿ ಬಲ್ಲವರು ಹೇಳಬೇಕು, ಅಂದಾಜು ಬೇಡ.

ಪ್ರತಿ ಅರ್ಧ ಗಂಟೆಗೊಮ್ಮೆ 4 ಮಿ.ಮೀ. ಬಿಲ್ಲೆಗೆ ಮರಳಿ ಬನ್ನಿ. ಅದು 4.2 ತೋರಿದರೆ ಹಿಂದಿನ ಸಲ ಸರಿ ಬಂದ ಮೇಲಿನ ಎಲ್ಲ ಅಳತೆಗಳನ್ನೂ ಹೊಡೆದುಹಾಕಿ, ಮತ್ತೆ ತೆಗೆಯಿರಿ.