ಐದನೇ ವಾರದ ಸ್ಕ್ಯಾನ್: ಕಾಣುವುದೆಷ್ಟು, ಕಾಣದ್ದೆಷ್ಟು

ಗರ್ಭ ನಿಂತ ಮೊದಲ ವಾರಗಳಲ್ಲೇ ಸ್ಕ್ಯಾನಿಗೆ ಬಂದವರನ್ನು, ಪ್ರೋಬ್ (ಸ್ಕ್ಯಾನ್ ಮಾಡುವ ಕೈ ಉಪಕರಣ) ಕೈಗೆ ತೆಗೆದುಕೊಳ್ಳುವ ಮೊದಲೇ ನಾನು ಕೇಳುವುದು ಇಷ್ಟು. ಕೊನೆಯ ಮುಟ್ಟು ಶುರುವಾದ ದಿನ ಯಾವುದು? ತಿಂಗಳಿಗೆ ಸರಿಯಾಗಿ ಬರುತ್ತಿತ್ತಾ, ಮುಂದೆ ಹೋಗುತ್ತಿತ್ತಾ? ಮನೆಯಲ್ಲಿ ಟೆಸ್ಟ್ ಮಾಡಿದ್ದು ಯಾವತ್ತು? ನೋವು, ರಕ್ತ ಏನಾದರೂ ಇದೆಯಾ?

"ಅದೆಲ್ಲ ಸ್ಕ್ಯಾನಿನಲ್ಲೇ ಗೊತ್ತಾಗುತ್ತಲ್ವಾ ಡಾಕ್ಟ್ರೇ?" ಅನ್ನುವವರಿದ್ದಾರೆ. ಗೊತ್ತಾಗುತ್ತದೆ, ಆದರೆ ಭ್ರೂಣ ಕಾಣಿಸಲು ಶುರುವಾದ ಮೇಲೆ. ಅಲ್ಲಿಯವರೆಗೆ ಆ ತಾರೀಖೇ ನನಗೆ ದಾರಿ. ಗರ್ಭದ ವಾರಗಳನ್ನು ಎಣಿಸುವುದು ಮುಟ್ಟಿನಿಂದ. ಅಂಡ ಬಿಡುಗಡೆಯಾಗುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ ಆರು ವಾರ ಅಂದಾಗ ಭ್ರೂಣಕ್ಕೆ ಆಗಿರುವುದು ನಾಲ್ಕೇ ವಾರ. ಆ ತಿಂಗಳು ಅಂಡ ಹತ್ತು ದಿನ ತಡವಾಗಿ ಬಿಟ್ಟಿದ್ದರೆ? ಲೆಕ್ಕದಲ್ಲಿ ಆರು ವಾರ, ಪರದೆಯಲ್ಲಿ ನಾಲ್ಕೂವರೆ ವಾರ. ಗಾಬರಿಯಾಗಿ ಬರುವ ಎಷ್ಟೋ ಜನರ ಕಥೆ ಇಷ್ಟೇ ಆಗಿರುತ್ತದೆ.

ಇಷ್ಟು ಬೇಗ ಬಂದವರಿಗೆ ನಾನು ಯೋನಿಯ ಮೂಲಕ ಮಾಡುವ ಸ್ಕ್ಯಾನನ್ನೇ ಸೂಚಿಸುತ್ತೇನೆ. ಯಾಕೆ ಅಂತ ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ. ಇದರಿಂದ ಗರ್ಭಪಾತ ಆಗುವುದಿಲ್ಲ. ಬೇಡ ಅಂದವರಿಗೆ ಹೊಟ್ಟೆ ಮೇಲಿಂದ ನೋಡುತ್ತೇನೆ, ಆದರೆ ಅಲ್ಲಿ ಎಲ್ಲವೂ ಸುಮಾರು ಒಂದು ವಾರ ತಡವಾಗಿ ಕಾಣುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಒಳಗೆ ಕಾಣುವುದಕ್ಕೆ ಒಂದು ಕ್ರಮವಿದೆ. ನಾಲ್ಕೂವರೆಯಿಂದ ಐದು ವಾರಕ್ಕೆ ಗರ್ಭಚೀಲ, ಒಂದು ಸಣ್ಣ ಕಪ್ಪು ಚುಕ್ಕೆ. ಅದು ಗರ್ಭಕೋಶದ ಒಳಪದರದಲ್ಲಿ ಒಂದು ಬದಿಗೆ ಹುದುಗಿರಬೇಕು. ಸರಿಯಾಗಿ ನಡುವಿನ ಜಾಗದಲ್ಲೇ ಇದ್ದರೆ ಅದು ಬರೀ ನೀರೂ ಆಗಿರಬಹುದು. ಐದೂವರೆ ವಾರದ ಸುಮಾರಿಗೆ ಚೀಲದೊಳಗೆ ಉಂಗುರದಂಥ ಯೋಕ್ ಸ್ಯಾಕ್, ಅಂದರೆ ಭ್ರೂಣವನ್ನು ಮೊದಮೊದಲು ಪೋಷಿಸುವ ಪುಟ್ಟ ಚೀಲ, ಕಾಣುತ್ತದೆ. ಅದು ಕಂಡಾಗ ಗರ್ಭ ಗರ್ಭಕೋಶದಲ್ಲೇ ಇದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆರು ವಾರದ ಆಸುಪಾಸಿಗೆ ಅದರ ಪಕ್ಕದಲ್ಲೇ ಕೆಲವೇ ಮಿಲಿಮೀಟರಿನ ಭ್ರೂಣ, ಅದರಲ್ಲಿ ಮಿಣುಕುವ ಹೃದಯ.

ಈ ಮಿಣುಕು ಕಾಣದಿದ್ದಾಗ ಏನು ಮಾಡಬೇಕು ಅನ್ನುವುದೇ ಈ ಕೆಲಸದ ಕಷ್ಟದ ಭಾಗ. ಹಿಂದೆ ಭ್ರೂಣ 5 ಮಿಲಿಮೀಟರ್ ಇದ್ದು ಬಡಿತ ಇಲ್ಲದಿದ್ದರೆ ಗರ್ಭ ನಿಂತಿದೆ ಅನ್ನುತ್ತಿದ್ದರು. ಅದು ಅವಸರದ ಗೆರೆ ಅಂತ ಆಮೇಲೆ ಗೊತ್ತಾಯಿತು. 2012ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿ ಅಳತೆಗಳನ್ನು ಬಿಗಿ ಮಾಡಿದರು. 2013ರಲ್ಲಿ ಅವು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದವು. ನಾನು ಪಾಲಿಸುವುದೂ ಅವನ್ನೇ. ಭ್ರೂಣ 7 ಮಿಲಿಮೀಟರ್ ಅಥವಾ ಜಾಸ್ತಿ ಇದ್ದು ಬಡಿತ ಇಲ್ಲ, ಇಲ್ಲವೇ ಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಅಥವಾ ಜಾಸ್ತಿ ಇದ್ದು ಒಳಗೆ ಭ್ರೂಣವೇ ಇಲ್ಲ. ಆಗ ಮಾತ್ರ ಒಂದೇ ಸ್ಕ್ಯಾನ್ ಮೇಲೆ ಗರ್ಭ ಮುಂದುವರಿಯುತ್ತಿಲ್ಲ ಅನ್ನುತ್ತೇನೆ.

ಅದಕ್ಕಿಂತ ಕಡಿಮೆ ಇದ್ದರೆ ಕಾಯುವುದೇ. ಭ್ರೂಣ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ನಾಳೆಯೇ ಮತ್ತೆ ನೋಡಿದರೆ ಏನೂ ಸಿಗುವುದಿಲ್ಲ. ಚೀಲ ಮತ್ತು ಯೋಕ್ ಸ್ಯಾಕ್ ಎರಡೂ ಕಂಡಿದ್ದರೆ 11 ದಿನ, ಬರೀ ಚೀಲ ಕಂಡಿದ್ದರೆ ಎರಡು ವಾರ. ಅಷ್ಟಾದರೂ ಬಡಿತವಿರುವ ಭ್ರೂಣ ಕಾಣದಿದ್ದರೆ ಉತ್ತರ ಖಚಿತ. ನಡುವೆ ಒಮ್ಮೆ ನೋಡಬಹುದು, ಆದರೆ ಕೆಟ್ಟ ಸುದ್ದಿ ಹೇಳಲು ಆ ಅಂತರ ಬೇಕೇ ಬೇಕು. ಆ ದಿನಗಳನ್ನು ಕಳೆಯುವುದು ಎಷ್ಟು ಹಿಂಸೆ ಅಂತ ನನಗೆ ಗೊತ್ತು. "ಏನಾದರೂ ಒಂದು ಹೇಳಿಬಿಡಿ" ಅಂತ ಕೇಳಿಕೊಳ್ಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿದರೆ ಅವರಿಗೆ ನೆಮ್ಮದಿ ಸಿಗುವುದಿಲ್ಲ, ಅಪಾಯ ಮಾತ್ರ.

ಟೆಸ್ಟ್ ಪಾಸಿಟಿವ್, ಗರ್ಭಕೋಶ ಖಾಲಿ. ಇಲ್ಲಿ ನಾನು ನಿಧಾನ ಮಾಡುತ್ತೇನೆ. ಇನ್ನೂ ಬೇಗ ಆಗಿರಬಹುದು, ಗರ್ಭ ಆಗಲೇ ಬಿದ್ದುಹೋಗಿರಬಹುದು, ಅಥವಾ ಗರ್ಭಕೋಶದ ಹೊರಗೆ, ಅಂಡ ಸಾಗಿಬರುವ ಟ್ಯೂಬಿನಲ್ಲಿ ಕೂತಿರಬಹುದು. ಎರಡೂ ಅಂಡಾಶಯದ ಸುತ್ತ ಹುಡುಕುತ್ತೇನೆ. ತೊಂದರೆ ಏನೆಂದರೆ, ಟ್ಯೂಬಿನ ಗರ್ಭದಂತೆ, ಅಂಡಾಶಯದಲ್ಲಿ ಅಂಡ ಬಿಟ್ಟ ಜಾಗದಲ್ಲಿ ಉಳಿಯುವ ಗಂಟೂ ಉಂಗುರದ ಹಾಗೇ ಕಾಣುತ್ತದೆ. ಪ್ರೋಬಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಗಂಟು ಅಂಡಾಶಯದ ಜೊತೆಗೇ ಸರಿದರೆ ಅದು ಅಂಡಾಶಯದ್ದೇ ಇರಬೇಕು. ಬೇರೆಯಾಗಿ ಜಾರಿದರೆ ಟ್ಯೂಬಿನ ಗರ್ಭದ ಅನುಮಾನ ಜಾಸ್ತಿ. ಹೊಟ್ಟೆಯಲ್ಲಿ ರಕ್ತ ನಿಂತಿದೆಯಾ ಅಂತಲೂ ನೋಡುತ್ತೇನೆ. ಇಷ್ಟಾದರೂ ಏನೂ ಕಾಣದಿರಬಹುದು. ಆಗ ರಕ್ತದ ಎಚ್‌ಸಿಜಿ (ಗರ್ಭದ ಹಾರ್ಮೋನು) ಪರೀಕ್ಷೆ, 48 ಗಂಟೆ ಬಿಟ್ಟು ಮತ್ತೊಮ್ಮೆ. ಒಂದೇ ಅಂಕಿಯಿಂದ ತೀರ್ಮಾನ ಮಾಡುವುದಿಲ್ಲ. ಅಂಕಿ ಚೆನ್ನಾಗಿ ಏರಿತು ಅಂತ ಟ್ಯೂಬಿನ ಅನುಮಾನ ಪೂರ್ತಿ ಹೋಗುವುದೂ ಇಲ್ಲ.

ಬಡಿತ ಕಂಡರೆ ಎಲ್ಲರೂ ಕೇಳುವುದು ಅದರ ಸದ್ದು. ಸದ್ದಿಗೆ ಡಾಪ್ಲರ್, ಅಂದರೆ ಚಲನೆಯನ್ನು ಸದ್ದಾಗಿ ಕೇಳಿಸುವ ಸ್ಕ್ಯಾನ್ ವಿಧಾನ, ಬೇಕು. ಅದು ಶಕ್ತಿಯನ್ನು ಒಂದೇ ಕಡೆ ಹಾಯಿಸುತ್ತದೆ, ಹಾಗಾಗಿ ಇಷ್ಟು ಚಿಕ್ಕ ಭ್ರೂಣಕ್ಕೆ ನಾನು ಬಳಸುವುದಿಲ್ಲ. ಚಲನೆಯನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಎಂ-ಮೋಡ್‌ನಲ್ಲಿ ಗೆರೆ ಎಳೆದು ಬಡಿತ ಎಣಿಸಿದರೆ ಸಾಕು. ಆರನೇ ವಾರದಲ್ಲಿ ನಿಮಿಷಕ್ಕೆ 100ರಿಂದ 120ರ ಆಸುಪಾಸು, ಒಂಬತ್ತನೇ ವಾರದ ಹೊತ್ತಿಗೆ 170ರ ಹತ್ತಿರ. ಬಡಿತ ನೋಡಿ ಗಂಡೋ ಹೆಣ್ಣೋ ಹೇಳಬಹುದು ಅನ್ನುವುದು ಸುಮ್ನೆ ಮಾತು.

ತಾರೀಖು ಹೇಳುವುದರಲ್ಲಿ ಮಾತ್ರ ಈ ಸ್ಕ್ಯಾನ್ ನಿಜಕ್ಕೂ ಗಟ್ಟಿ. ತಲೆಯಿಂದ ಬುಡದವರೆಗಿನ ಉದ್ದ ಅಳೆದರೆ ಐದರಿಂದ ಏಳು ದಿನದ ಹೆಚ್ಚುಕಮ್ಮಿಯಲ್ಲಿ ಗರ್ಭದ ವಯಸ್ಸು ಸಿಗುತ್ತದೆ. ಆಮೇಲಿನ ತಿಂಗಳುಗಳ ಯಾವ ಅಳತೆಯೂ ಇಷ್ಟು ನಿಖರವಲ್ಲ. ಅವಳಿಗಳು ಒಂದೇ ಮಾಸು ಹಂಚಿಕೊಂಡಿವೆಯಾ ಅನ್ನುವುದೂ 14 ವಾರದೊಳಗೇ ಚೆನ್ನಾಗಿ ತಿಳಿಯುವುದು.

ಮಗುವಿನ ಅಂಗಾಂಗ ಸರಿಯಿದೆಯಾ ಅಂತ ಮಾತ್ರ ಈ ಹಂತದಲ್ಲಿ ನನ್ನನ್ನು ಕೇಳಬೇಡಿ. ಎಂಟನೇ ವಾರದಲ್ಲಿ ತಲೆಯೊಳಗೆ ಕಪ್ಪು ಜಾಗ ಕಾಣುತ್ತದೆ, ಅದು ಬೆಳೆಯುತ್ತಿರುವ ಮಿದುಳು. ಹತ್ತನೇ ವಾರದಲ್ಲಿ ಕರುಳು ಹೊಕ್ಕುಳಬಳ್ಳಿಯೊಳಗೆ ಇರುತ್ತದೆ, ಅದೂ ಸಹಜ. ಕೆಲವು ದೊಡ್ಡ ದೋಷಗಳು 11ರಿಂದ 14 ವಾರದ ನಡುವಿನ ಸ್ಕ್ಯಾನಿನಲ್ಲಿ ತಿಳಿಯುತ್ತವೆ. ಹೃದಯ, ಬೆನ್ನು, ಕಿಡ್ನಿಗಳನ್ನು ವಿವರವಾಗಿ ನೋಡುವುದು 18ರಿಂದ 22 ವಾರಕ್ಕೆ. ಕ್ರೋಮೋಸೋಮಿನ ತೊಂದರೆಯನ್ನು ಯಾವ ಸ್ಕ್ಯಾನೂ ಖಚಿತವಾಗಿ ಹೇಳುವುದಿಲ್ಲ, ಅನುಮಾನವನ್ನಷ್ಟೇ ಹುಟ್ಟಿಸಬಹುದು.

ನೋವು, ರಕ್ತ ಏನೂ ಇಲ್ಲದವರಿಗೆ ಏಳರಿಂದ ಎಂಟನೇ ವಾರಕ್ಕೆ ಬನ್ನಿ ಅನ್ನುತ್ತೇನೆ. ಹಿಂದೆ ಟ್ಯೂಬಿನಲ್ಲಿ ಗರ್ಭ ನಿಂತಿದ್ದವರು ಅಷ್ಟು ಕಾಯುವುದು ಬೇಡ. ಒಂದು ಬದಿ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ, ನಿನ್ನೆಯ ರಿಪೋರ್ಟ್ ಏನೇ ಹೇಳಿರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು.