ಒಬ್ಬರೇ ಕೂತು ಜುಲು ಯುದ್ಧ ಆಡುವುದು ಹೇಗೆ?

ಮೇಜಿನ ಮೇಲೆ ಸೈನಿಕರ ಗೊಂಬೆ ಇಟ್ಟು ಒಬ್ಬರೇ ಯುದ್ಧದಾಟ ಆಡುವವರು ಎಡವುವುದು ಒಂದೇ ಕಡೆ. ಎದುರಾಳಿಯನ್ನೂ ತಮ್ಮ ಮನಸ್ಸಿಗೆ ಬಂದಂತೆ ನಡೆಸುತ್ತಾರೆ. ಆಗ ಜುಲು ಪಡೆ ನೆಟ್ಟಗೆ ಬಂದೂಕಿನ ಬಾಯಿಗೇ ಓಡಿ ಸಾಯುತ್ತದೆ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನದಲ್ಲಿ ಹಾಗಾಗಲಿಲ್ಲ, ಅಲ್ವಾ? ಸುಮಾರು 20,000 ಜುಲು ಯೋಧರು ಬ್ರಿಟಿಷ್ ಶಿಬಿರವನ್ನೇ ಮುಗಿಸಿದರು.

ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು ಸಾಕು. ಒಂದು ಗುಡ್ಡ, ಎರಡು ಕೊರಕಲು, ಒಂದು ಶಿಬಿರ ಇಡಿ. ಗೊಂಬೆಗಳಿಗೆ ಬಣ್ಣ ಆಮೇಲೆ ಹಚ್ಚಿದರಾಯಿತು. ಗುಂಡು ಹಾರಿಸಲು, ಕೈಕೈ ಮಿಲಾಯಿಸಲು ನಿಮ್ಮ ಹತ್ತಿರ ಇರುವ ನಿಯಮಗಳೇ ನಡೆಯುತ್ತವೆ.

ಇನ್ನು ಎದುರಾಳಿಯ ತಲೆ. ನೀವು ಬ್ರಿಟಿಷರ ಕಡೆ, ಜುಲುಗಳನ್ನು ಬಿಲ್ಲೆ ಮತ್ತು ದಾಳ ನಡೆಸುತ್ತವೆ. 12 ಬಿಲ್ಲೆ ಮಾಡಿ. ಎಂಟರ ಅಡಿಯಲ್ಲಿ ತುಕಡಿಯ ಹೆಸರು ಬರೆಯಿರಿ, ನಾಲ್ಕು ಖಾಲಿ ಇರಲಿ, ಅವು ಬರೀ ಮೋಸಕ್ಕೆ. ದಪ್ಪ ರಟ್ಟೇ ಬೇಕು. ತೆಳು ಕಾಗದದ ರೆಡಿಮೇಡ್ ಬಿಲ್ಲೆಗಳಲ್ಲಿ ಬರಹ ಈಚೆಗೆ ಕಾಣುತ್ತದೆ, ದುಡ್ಡು ದಂಡ. ಮಗುಚಿ ಕಲೆಸಿ, ಜುಲುಗಳ ಕಾಡೆಮ್ಮೆ ಕೊಂಬಿನ ವ್ಯೂಹದಂತೆ ಹಂಚಿ: ಎದುರಿನ ಎದೆಗೆ ನಾಲ್ಕು, ಬದಿಯಿಂದ ಸುತ್ತುವ ಎರಡು ಕೊಂಬಿಗೆ ಮೂರು ಮೂರು, ಹಿಂದೆ ಮೀಸಲಾಗಿ ನಿಲ್ಲುವ ಸೊಂಟಕ್ಕೆ ಎರಡು.

ಪ್ರತಿ ಸರದಿಯಲ್ಲೂ ಬಿಲ್ಲೆಗೊಂದು ದಾಳ ಹಾಕಿ. 1 ಬಿದ್ದರೆ ನಿಂತಲ್ಲೇ ನಿಲ್ಲುತ್ತದೆ, 6 ಬಿದ್ದರೆ ದುಪ್ಪಟ್ಟು ದೂರ, ಉಳಿದದ್ದಕ್ಕೆ ಮಾಮೂಲಿ ನಡಿಗೆ. ಕೊಂಬುಗಳು ಶಿಬಿರದ ಕಡೆ ತಿರುಗಬಾರದು. ಮೇಜಿನ ಅಂಚು ಹಿಡಿದು, ಶಿಬಿರ ದಾಟಿದ ಮೇಲೆ ಒಳಗೆ ತಿರುಗಬೇಕು. ಅಲ್ಲಿಯವರೆಗೆ ಎದೆ 18 ಇಂಚು ದೂರದಲ್ಲಿ, ಕೊರಕಲಿನೊಳಗೆ ಕಾಯಬೇಕು. ಜನ ಕೆಡಿಸುವುದು ಇಲ್ಲೇ. ಕಾಯುವ ತಾಳ್ಮೆ ಇಲ್ಲದೆ ಎದೆಯನ್ನು ನುಗ್ಗಿಸುತ್ತಾರೆ, ಕೊಂಬು ಬರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಯಾವುದಾದರೂ ತುಕಡಿ ಚದುರಿದರೆ ಮಾತ್ರ ಸೊಂಟ ಹೊರಡಲಿ, ಅದೂ ಬ್ರಿಟಿಷರ ಸಾಲು ತೆಳುವಾಗಿರುವ ಕಡೆಗೆ. ಬಿಲ್ಲೆ ನಿಮ್ಮವರಿಗೆ 12 ಇಂಚು ಹತ್ತಿರ ಬಂದಾಗಲೇ ಮಗುಚಿ ನೋಡಿ, ಮೊದಲೇ ಇಣುಕಬೇಡಿ. ಮೊಬೈಲ್ ದಾಳವೂ ಬೇಡ. ಸಂಖ್ಯೆ ಹಿಡಿಸದಿದ್ದರೆ ಸುಮ್ನೆ ಇನ್ನೊಮ್ಮೆ ಒತ್ತುವ ಆಸೆ ಬರುತ್ತದೆ.

ಬ್ರಿಟಿಷರಿಗೆ ನೆರವಿನ ಪಡೆ ಕೊಡಲೇಬೇಡಿ. ಸೇನಾಪತಿ ಚೆಲ್ಮ್ಸ್‌ಫರ್ಡ್ ಸುಮಾರು ಅರ್ಧ ಪಡೆ ಕರೆದುಕೊಂಡು ನಸುಕಿನಲ್ಲೇ ಹೊರಟಿದ್ದ, ಶಿಬಿರಕ್ಕೆ ಮರಳಿದಾಗ ಕತ್ತಲಾಗಿತ್ತು.

ಗೆಲುವಿನ ಲೆಕ್ಕಕ್ಕೆ ಶಿಬಿರ ಉಳಿಯಿತೋ ಇಲ್ಲವೋ ಎಂದು ನೋಡಬೇಡಿ. ಹಿಂದಿನ ಅಂಚನ್ನು, ಅಂದು ಬದುಕುಳಿದ ಬ್ರಿಟಿಷರು ದಾಟಿ ಪಾರಾದ ಬಫಲೋ ನದಿ ಅಂದುಕೊಳ್ಳಿ. ಕೊಂಬುಗಳು ಕೂಡುವ ಮೊದಲು ನಿಮ್ಮ ಎಷ್ಟು ಗೊಂಬೆ ಅದನ್ನು ದಾಟಿದವೋ ಅಷ್ಟು ಅಂಕ.