ಕಾರಿಲ್ಲದೆ ಸಾಂ-ಸಿರ್ಕ್-ಲಪೋಪಿ: ಹೊಳೆಯ ದಾರಿಯಲ್ಲಿ ನಡೆದು ಹೋದ ನನ್ನ ಅನುಭವ

ಫ್ರಾನ್ಸಿನ ಹಳ್ಳಿಗಾಡಿಗೆ ಕಾರಿಲ್ಲದೆ ಹೋಗಲಾಗದು ಅಂತ ನನಗೆ ಹೇಳದವರೇ ಇಲ್ಲ. ತುಲೂಸ್‌ನಲ್ಲಿ ಕೆಲಸದಲ್ಲಿರುವ ನನ್ನ ಷಡ್ಕ ಫೋನಿನಲ್ಲಿ ಮೂರು ಸಲ ಹೇಳಿದ: "ಭಾವ, ಅದು ಗುಡ್ಡದ ಮೇಲಿನ ಊರು. ಬಸ್ಸು ನಂಬಿಕೊಂಡು ಹೋದರೆ ರಸ್ತೆ ಬದಿ ಕೂತಿರ್ತೀರಿ." ನಾನೂ ನನ್ನ ಹೆಂಡತಿಯೂ ಐವತ್ತು ದಾಟಿದವರು. ಆದರೂ ಈ ಸಲ ಲಾಟ್ ನದಿಯ ಮೇಲಿನ ಸಾಂ-ಸಿರ್ಕ್-ಲಪೋಪಿಯನ್ನು ಬಸ್ಸು ಮತ್ತು ಕಾಲು, ಇವೆರಡರಲ್ಲೇ ನೋಡಿ ಬಂದೆವು. ಕಾರಿನಲ್ಲಿ ಬಂದವರಿಗಿಂತ ಚೆನ್ನಾಗಿ ನೋಡಿದೆವು ಅಂತ ಧೈರ್ಯವಾಗಿ ಹೇಳುತ್ತೇನೆ. ವೀಸಾ, ಟಿಕೆಟ್ ವಿಷಯ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇದಕ್ಕೆ ಮುಂಚೆ ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು ಬಾಡಿಗೆ ಕಾರು. ದಿನಕ್ಕೆ 60 ಯೂರೋ ಅಂತ ಕಂಪನಿಯವರು ಹೇಳಿದ್ದರು. ಕೌಂಟರ್ ಮುಂದೆ ನಿಂತಾಗ ಗೇರ್ ಇಲ್ಲದ ಗಾಡಿಗೆ ಹೆಚ್ಚುಕಡಿಮೆ ಡಬಲ್ ಆಯಿತು. ಅದರ ಮೇಲೆ ವಿಮೆ, ಅದರ ಮೇಲೆ ಸಾವಿರ ಯೂರೋಗೂ ಜಾಸ್ತಿ ಡೆಪಾಸಿಟ್. ಡೆಪಾಸಿಟ್ಟನ್ನು ಕ್ರೆಡಿಟ್ ಕಾರ್ಡಿನಲ್ಲೇ ಹಿಡಿಯಬೇಕು, ಡೆಬಿಟ್ ಕಾರ್ಡ್ ನಡೆಯುವುದಿಲ್ಲ ಅಂದರು. ಒಂದು ವಾರಕ್ಕೆ ಲೆಕ್ಕ ಹಾಕಿದರೆ ಪೆಟ್ರೋಲ್, ಟೋಲ್ ಸೇರಿ 80 ಸಾವಿರ ರೂಪಾಯಿ ದಾಟುತ್ತಿತ್ತು. ಅಲ್ಲಿಂದ ಹಾಗೇ ಎದ್ದು ಬಂದೆವು.

ಎರಡನೆಯದು ಆ ಊರಿನಲ್ಲೇ ಉಳಿಯುವುದು. ಕೇಳಲು ಚಂದ. ಸೀಸನ್ನಿನಲ್ಲಿ ಕೋಣೆಗೆ 110 ಯೂರೋ ಮೇಲೆ ಕೊಟ್ಟೆವು. ಅಕ್ಕಿಬೇಳೆ ತರಕಾರಿ ಕೊಳ್ಳುವಂಥ ದೊಡ್ಡ ಅಂಗಡಿ ಅಲ್ಲಿಲ್ಲ. ಹೋಟೆಲಿನ ಮೆನುವಿನಲ್ಲಿ ಎಲ್ಲಿ ನೋಡಿದರೂ ಬಾತುಕೋಳಿ. ಸುಮ್ನೆ ಸಲಾಡ್ ಕೊಡಿ ಅಂದರೆ ಅದರ ಮೇಲೂ ಬಾತುಕೋಳಿಯದ್ದೇ ತುಂಡು. ಮಧ್ಯಾಹ್ನ ಎರಡಾದರೆ ಅಡುಗೆಮನೆ ಮುಚ್ಚುತ್ತದೆ, ಆಮೇಲೆ ರಾತ್ರಿಯವರೆಗೆ ಏನೂ ಇಲ್ಲ. ಎರಡು ಹೊತ್ತು ಬ್ರೆಡ್ಡು ಮತ್ತು ಪೀಚ್ ಹಣ್ಣಿನಲ್ಲಿ ಕಳೆಯಿತು. ಮರುದಿನ ಭಾನುವಾರ. ಸರಿಹೊಂದುವ ಬಸ್ಸು ಸಿಗದೆ ಟ್ಯಾಕ್ಸಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬ್ಯಾಟರಿ ಸೈಕಲ್ಲನ್ನೂ ನೋಡಿದೆವು, ದಿನಕ್ಕೆ 35 ಯೂರೋ ಆಸುಪಾಸು. ಡಾಂಬರು ರಸ್ತೆಗೆ ಸರಿ. ಆದರೆ ಈ ಕಣಿವೆಯ ಒಳ್ಳೆಯ ಭಾಗವೆಲ್ಲ ಕಾಲುದಾರಿಯಲ್ಲಿದೆ. ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಒಂದು ಕೆಲಸ.

ಕೊನೆಗೆ ಕೆಲಸ ಮಾಡಿದ್ದು ಇದು. ಕಾವೋರ್ ಪಟ್ಟಣದಲ್ಲಿ ಮನೆ ಹಿಡಿದೆವು. ಪ್ಯಾರಿಸ್ಸಿನ ಓಸ್ಟರ್ಲಿಟ್ಝ್ ನಿಲ್ದಾಣದಿಂದ ನೇರ ರೈಲಿದೆ, ಐದಾರು ಗಂಟೆ. ಮುಂಚೆ ಬುಕ್ ಮಾಡಿದರೆ 35-40 ಯೂರೋಗೆ ಸಿಗುತ್ತದೆ, ತಡಮಾಡಿದರೆ ಅದರ ಎರಡರಷ್ಟು. ಸ್ಪೇನಿನ ಸಾಂತಿಯಾಗೋಗೆ ಕ್ರೈಸ್ತ ಯಾತ್ರಿಕರು ನಡೆದು ಹೋಗುವ ದಾರಿಗಳಲ್ಲಿ ಒಂದು ಕಾವೋರ್ ಮೇಲೇ ಹೋಗುತ್ತದೆ. ಹಾಗಾಗಿ ಯಾತ್ರಿಕರ ತಂಗುದಾಣಗಳಿವೆ, ತಲೆಗೆ 20-25 ಯೂರೋ, ಅಡುಗೆಮನೆ ಬಳಸಲು ಬಿಡುತ್ತಾರೆ. ನಾವು ಎರಡು ರಾತ್ರಿ ಅಲ್ಲಿದ್ದು, ಆಮೇಲೆ 55 ಯೂರೋದ ಸಣ್ಣ ಮನೆಗೆ ಹೋದೆವು. ಆ ಮನೆ ಹೇಗೆ ಸಿಕ್ಕಿತು ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಮುಂದಿನ ವರ್ಷ ಮತ್ತೆ ಬೇಕು.

ಕಾವೋರ್‌ನಿಂದ ಫಿಝಾಕ್‌ಗೆ ಹೋಗುವ ಬಸ್ಸು ನದಿಯ ಪಕ್ಕದಲ್ಲೇ ಸಾಗುತ್ತದೆ. ಹಿಂದೆ ಈ ಕಣಿವೆಯಲ್ಲಿ ರೈಲು ಓಡುತ್ತಿತ್ತು, ಅದು ನಿಂತ ಮೇಲೆ ಬಸ್ಸು ಬಂತು. ಟಿಕೆಟ್ ಎರಡು ಯೂರೋ ಚಿಲ್ಲರೆ. ಟೈಮ್ ಟೇಬಲ್ಲಿನಲ್ಲಿ ದೊಡ್ಡ ಅಕ್ಷರಕ್ಕಿಂತ ಅಡಿಯಲ್ಲಿರುವ ಸಣ್ಣ ಅಕ್ಷರ ಮುಖ್ಯ. ಶಾಲೆ ಇರುವ ದಿನಕ್ಕೆ ಒಂದು ಸಮಯ, ರಜೆಗೆ ಇನ್ನೊಂದು. ಕೆಲವು ಕಡೆ ಹಿಂದಿನ ದಿನ ಫೋನ್ ಮಾಡಿದರಷ್ಟೇ ಗಾಡಿ ಬರುತ್ತದೆ. ನಾನು ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ದಿನಗಳನ್ನು ಬಸ್ಸಿಗೆ ಹೊಂದಿಸಿದೆ. ಭಾನುವಾರ ಕಾವೋರ್ ಬಿಟ್ಟು ಕದಲಲಿಲ್ಲ.

ಎಲ್ಲರೂ ಟೂರ್-ದ-ಫೋರ್‌ನಲ್ಲಿ ಇಳಿದು, ಸೇತುವೆ ದಾಟಿ, ಗುಡ್ಡ ಹತ್ತಿ ಸಾಂ-ಸಿರ್ಕ್ ಸೇರುತ್ತಾರೆ. ನಾವು ಅದಕ್ಕೂ ಮುಂಚೆ, ಬೂಝಿಯೆಸ್ ಹತ್ತಿರ ಇಳಿದೆವು. ಸಣ್ಣ ತೂಗುಸೇತುವೆ ದಾಟಿದರೆ ನದಿಯ ಎಡದಂಡೆ. ಅಲ್ಲಿಂದ ಹೊಳೆಯ ಪಕ್ಕದಲ್ಲೇ, ನೀರು ಬರುವ ದಿಕ್ಕಿಗೆ ನಡೆಯಬೇಕು. ಐದಾರು ಕಿಲೋಮೀಟರ್ ಇರಬಹುದು. ಕೂತು ಎದ್ದು ಹೋದರೆ ಎರಡು ತಾಸು.

ಗನಿಲ್ ಅನ್ನುವ ಕಡೆ ಬಂಡೆ ನೇರ ನೀರಿಗೇ ಇಳಿಯುತ್ತದೆ, ಕಾಲಿಡಲು ದಂಡೆಯೇ ಇಲ್ಲ. ದೋಣಿಗಳನ್ನು ಹಗ್ಗ ಕಟ್ಟಿ ಹರಿವಿಗೆ ಎದುರಾಗಿ ಎಳೆಯಲು ದಂಡೆಯಲ್ಲಿ ಜಾಗ ಬೇಕಲ್ವಾ? ಅದಕ್ಕೆ 1840ರ ದಶಕದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದರು. ತಲೆಯ ಮೇಲೆ ಕಲ್ಲಿನ ಸೂರು, ಪಕ್ಕದಲ್ಲಿ ಹಸಿರು ನೀರು. ಗೋಡೆಯ ಮೇಲೆ ಮೀನು, ಚಿಪ್ಪುಗಳ ಕೆತ್ತನೆ ಇದೆ. ಅದು ಹಳೆಯದಲ್ಲ, ಡಾನಿಯಲ್ ಮೊನ್ನಿಯೆ ಅನ್ನುವ ಶಿಲ್ಪಿಯ ಕೆಲಸ. ಈ ನದಿಯಲ್ಲಿ ಕಾವೋರ್‌ನ ಕಪ್ಪು ವೈನ್ ಪೀಪಾಯಿಗಳು ಬೋರ್ಡೊವರೆಗೆ ಹೋಗುತ್ತಿದ್ದವು. ಸಾಂ-ಸಿರ್ಕ್‌ನ ಬಡಗಿಗಳು ಆ ಪೀಪಾಯಿಗಳಿಗೆ ಮರದ ನಲ್ಲಿ ಕಡೆದು ಕೊಡುತ್ತಿದ್ದರು. ಕೆಳಗಿನ ದಾರಿಯಲ್ಲಿ ಬಂದರೆ ಈ ಊರು ಇಲ್ಲೇ ಯಾಕೆ ಹುಟ್ಟಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಕೋಟೆಯವರು, ಕೆಳಗೆ ದೋಣಿಯವರು, ನಡುವೆ ಕಸುಬಿನವರು. ಕಾರು ನಿಲ್ಲಿಸಿ ಮೇಲಿನಿಂದ ಇಳಿದು ಬರುವವರಿಗೆ ಈ ಸರಣಿ ತಲೆಕೆಳಗಾಗಿ ಸಿಗುತ್ತದೆ.

ಕೊನೆಯ ಏರು ಕಡಿದು. ಮಂಡಿ ನೋವಿದ್ದವರು ಟೂರ್-ದ-ಫೋರ್ ಕಡೆಯಿಂದ ಹೋಗಿ ನಿಧಾನವಾಗಿ ಹತ್ತಲಿ. ನಾವು ಒಂಬತ್ತರ ಸುಮಾರಿಗೆ ಮೇಲಿದ್ದೆವು. ಬೀದಿಯಲ್ಲಿ ಗುಡಿಸುವವರು ಬಿಟ್ಟರೆ ಯಾರೂ ಇಲ್ಲ. ಕಡಿದಾದ ಹೆಂಚಿನ ಮಾಡು, ಮರದ ಚೌಕಟ್ಟಿನ ಮನೆಗಳು, 16ನೇ ಶತಮಾನದ ಇಗರ್ಜಿ. ಕೋಟೆ ಈಗ ಬರೀ ಬುಡ. ಆದರೆ ಆ ಬಂಡೆಯ ಮೇಲಿಂದ ನದಿಯ ತಿರುವು ಪೂರ್ತಿ ಕಾಣುತ್ತದೆ. ಕವಿ ಆಂದ್ರೆ ಬ್ರೆತೋನ್ 1950ರಲ್ಲಿ ಈ ಊರು ನೋಡಿ, ಮನೆ ಕೊಂಡು, ಬೇಸಿಗೆಗಳನ್ನು ಇಲ್ಲೇ ಕಳೆದವರು. 2012ರಲ್ಲಿ ಫ್ರೆಂಚರು ಇದನ್ನು ತಮ್ಮ ಅಚ್ಚುಮೆಚ್ಚಿನ ಹಳ್ಳಿ ಅಂತ ಟಿವಿಯಲ್ಲಿ ಆರಿಸಿದರು. ಅಂದಮೇಲೆ ಜನಸಂದಣಿ ಕೇಳಬೇಕಾ. ಹನ್ನೊಂದಕ್ಕೆ ಶುರುವಾಯಿತು. ಅಷ್ಟರಲ್ಲಿ ನಾವು ಬುತ್ತಿ ಬಿಚ್ಚಲು ಬೇರೆ ಜಾಗಕ್ಕೆ ಹೋಗಿದ್ದೆವು. ಇಡೀ ಊರು ಎದುರಿಗೆ ಕಾಣುವ ನೆರಳಿನ ಜಾಗ ಅದು. ಎಲ್ಲಿ ಅಂತ ಕೇಳಬೇಡಿ, ಹೇಳುವುದಿಲ್ಲ. ನೀರಿನ ಗುಟ್ಟು ಮಾತ್ರ ಹೇಳುತ್ತೇನೆ. ಫ್ರಾನ್ಸಿನ ಹಳ್ಳಿಗಳಲ್ಲಿ ಸ್ಮಶಾನದ ಬಳಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ಕುಡಿಯುವ ನೀರಲ್ಲ ಅನ್ನುವ ಬೋರ್ಡ್ ಇದೆಯಾ ನೋಡಿಕೊಂಡು ಬಾಟಲಿ ತುಂಬಿಸಿ.

ಇನ್ನು ಊಟದ ಪ್ರಯೋಗ. ಇದರಲ್ಲಿ ನನ್ನ ಹೆಂಡತಿಯದೇ ಕೈ. ಕಾವೋರ್‌ನ ಇಗರ್ಜಿ ಮುಂದೆ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಸಂತೆ. ಅಲ್ಲಿ ಅಕ್ರೋಟ್ ಎಣ್ಣೆ ಕೊಂಡು ಒಗ್ಗರಣೆ ಹಾಕಿದಳು. ಕಾಯಿಸಿದ್ದೇ ಕಹಿಯಾಯಿತು, ಹತ್ತು ಯೂರೋ ಬಾಟಲಿ. ಅದನ್ನೇ ಬಿಸಿ ಅನ್ನ, ಚಟ್ನಿಪುಡಿಗೆ ಹಸಿಯಾಗಿ ಹಾಕಿಕೊಂಡಾಗ ಮಾತ್ರ ಬಹಳ ರುಚಿ. ಹಸಿರು ಲೆಂಟಿಲ್ ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಸಾರಿಗೆ ಆಗದು. ಕೆಂಪು ಲೆಂಟಿಲ್, ಅಂದರೆ ನಮ್ಮ ಮಸೂರ್ ಬೇಳೆ, ಕುಕ್ಕರ್ ಇಲ್ಲದೆ ಕಾಲು ಗಂಟೆಯಲ್ಲಿ ಬೆಂದು ಹಣ್ಣಾಗುತ್ತದೆ. ಸಾರಿನಪುಡಿ ಹಾಕಿದರೆ ಮುಗಿಯಿತು. ರೊಕಾಮದೂರ್ ಅನ್ನುವ ಪುಟ್ಟ ಬಿಲ್ಲೆಯಂಥ ಆಡಿನ ಹಾಲಿನ ಚೀಸ್ ಬುತ್ತಿಗೆ ಒಳ್ಳೆಯದು. ತುಪ್ಪ ಮಾತ್ರ ಊರಿಂದ ಒಯ್ಯಬೇಡಿ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರುವುದಕ್ಕೆ ಅಲ್ಲಿ ನಿಷೇಧವಿದೆ.

ಬಸ್ಸು ಕಡಿಮೆಯಿರುವ ಭಾನುವಾರವನ್ನು ಕಾವೋರ್‌ನ ವಾಲಾಂತ್ರೆ ಸೇತುವೆಗೆ ಕೊಟ್ಟೆವು. ಮೂರು ಗೋಪುರದ ಕೋಟೆಯಂಥ ಸೇತುವೆ. 1308ರಲ್ಲಿ ಶುರುವಾಗಿ ಮುಗಿಯಲು ಸುಮಾರು 70 ವರ್ಷ ಹಿಡಿಯಿತು. ಕೆಲಸ ಬೇಗ ಮುಗಿಯಲಿ ಅಂತ ಮೇಸ್ತ್ರಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡು, ಕೊನೆಗೆ ಜರಡಿಯಲ್ಲಿ ನೀರು ತರಲು ಹೇಳಿ ಅವನನ್ನು ಸೋಲಿಸಿದ ಅಂತ ಕಥೆ. ಸಿಟ್ಟಿಗೆ ಸೈತಾನ ರಾತ್ರಿಯೆಲ್ಲ ಬಂದು ನಡುಗೋಪುರದ ಮೂಲೆಗಲ್ಲು ಕೀಳುತ್ತಿದ್ದನಂತೆ. 1879ರ ದುರಸ್ತಿಯಲ್ಲಿ ಪಾಲ್ ಗೂ ಅನ್ನುವ ವಾಸ್ತುಶಿಲ್ಪಿ ಕಲ್ಲು ಕೀಳುವ ಪುಟ್ಟ ಸೈತಾನನನ್ನೇ ಕೆತ್ತಿಸಿ ಅಲ್ಲಿ ಕೂರಿಸಿದ. ಫೋನ್ ಜೂಮ್ ಮಾಡಿ ಹುಡುಕಿ, ಸಿಗುತ್ತಾನೆ.

ಲೆಕ್ಕ: ವಾರದ ಮೇಲೆ ಒಂದೆರಡು ದಿನ ಇದ್ದೆವು. ಮನೆ, ಬಸ್ಸು, ಅಡುಗೆ ಸಾಮಾನು, ಟಿಕೆಟ್ಟುಗಳು ಎಲ್ಲ ಸೇರಿ ಇಬ್ಬರಿಗೆ 650 ಯೂರೋ ಒಳಗೆ, ಪ್ಯಾರಿಸ್ ರೈಲು ಬಿಟ್ಟು. ಬರೀ ಕಾರಿಗೇ ಅಷ್ಟಾಗುತ್ತಿತ್ತು. ಲೆಕ್ಕದ ಹಾಳೆ ನೋಡಿದ ಮೇಲೆ ಷಡ್ಕ ಮುಂದಿನ ಸಲ ತಾನೂ ಬಸ್ಸಿನಲ್ಲೇ ಬರುತ್ತೇನೆ ಅಂದಿದ್ದಾನೆ.

ಮೇ ಅಥವಾ ಸೆಪ್ಟೆಂಬರ್ ನೋಡಿ ಹೋಗಿ. ಚಳಿಗಾಲದಲ್ಲಿ ಸಾಂ-ಸಿರ್ಕ್‌ನಲ್ಲಿ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೂಝಿಯೆಸ್ ಕಡೆಯಿಂದಲೇ ಪೆಶ್ ಮೆರ್ಲ್ ಗುಹೆಗೂ ನಡೆದು ಹೋಗಬಹುದು. ಸುಮಾರು 29,000 ವರ್ಷ ಹಿಂದಿನ ಚುಕ್ಕೆ ಕುದುರೆಗಳ ಚಿತ್ರ ಅಲ್ಲಿದೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಮುಂಚೆಯೇ ಬುಕ್ ಮಾಡಿ. ಅದೇ ಬಸ್ಸಿನಲ್ಲಿ ಕೊನೆಯವರೆಗೆ ಕೂತರೆ ಫಿಝಾಕ್, ಈಜಿಪ್ಟಿನ ಚಿತ್ರಲಿಪಿ ಬಿಡಿಸಿದ ಶಾಂಪೋಲಿಯೋ ಹುಟ್ಟಿದ ಊರು. ಮುಂದಿನ ವರ್ಷ ಅಲ್ಲಿಂದ ಸೆಲೆ ನದಿಯ ಪಕ್ಕ ನಡೆದು ಇಳಿಯುವ ಯೋಚನೆ ಇದೆ. ಬಸ್ಸಿನ ಹಾಳೆ ಈಗಾಗಲೇ ಅರ್ಧ ತಯಾರಾಗಿದೆ.